ಹಿಟ್ಟಿನ ಕೈಯ ಸಹಿ

ಕಾಕುವಿನ ಬಲಗೈ ಉಗುರುಗಳ ಸಂದಿಯಲ್ಲಿ ಸದಾ ಒಂದು ಬಿಳಿ ಗೆರೆ ಇರುತ್ತಿತ್ತು. ಜೋಳದ ಹಿಟ್ಟಿನದು. ಮದುವೆಗೆಂದು ಇಳಕಲ್ ಸೀರೆ ಉಟ್ಟು, ಚಿನ್ನದ ಪಾಟ್ಲಿ ಬಳೆ ತೊಟ್ಟು ನಿಂತರೂ ಆ ಬಿಳಿ ಗೆರೆ ಮಾತ್ರ ಹೋಗುತ್ತಿರಲಿಲ್ಲ. ಅಂಗೈಯಂತೂ ಲಟ್ಟಣಿಗೆಯ ಮಣೆಯ ಹಾಗೆ ಸಪಾಟಾಗಿತ್ತು. ಆ ಕೈಯಿಂದ ಆಕೆ ರೊಟ್ಟಿ ಬಡಿಯಲು ಕೂತರೆ ಸಪ್ಪಳ ಓಣಿಯ ತುದಿಯ ಹಾಲಿನ ಡೇರಿಯವರೆಗೆ ಕೇಳುತ್ತಿತ್ತು. ಅದೇ ಕೈಯಿಂದ ಆಕೆ ಒಂದು ಕಂಪನಿಯ ಡೈರೆಕ್ಟರ್ ಆಗಿ ವರ್ಷಗಟ್ಟಲೆ ಸಹಿಯನ್ನೂ ಹಾಕಿದಳು.

ಕಾಕು ಅಂದರೆ ನನ್ನ ಅಪ್ಪನ ತಮ್ಮನ ಹೆಂಡತಿ. ಧಾರವಾಡದ ಹತ್ತಿರದ ಮುಗದ ಊರಿನ ರೈತರ ಮನೆಯ ಮಗಳು. ಎತ್ತರ ಕಡಿಮೆ, ದನಿ ಜಾಸ್ತಿ. ಒಳ್ಳೆಯವಳಿದ್ದಳು ಎಂದು ಬರೆದು ಕೈತೊಳೆದುಕೊಳ್ಳಲು ನನ್ನಿಂದಾಗದು, ಆಕೆ ಮಹಾ ಜಗಳಗಂಟಿ. ಕೊತ್ತಂಬರಿ ಸಿವುಡು ಸಣ್ಣದಾಯಿತೆಂದು ತರಕಾರಿಯವನ ಗಾಡಿಯನ್ನು ಹಿಡಿದು ನಿಲ್ಲಿಸುತ್ತಿದ್ದಳು. ಬೇರೆಯವರ ಮನೆಯ ಎಣಗಾಯಿ ರುಚಿಯಾಗಿತ್ತೆಂದು ಯಾರಾದರೂ ಬಾಯಿತಪ್ಪಿ ಅಂದರೆ ಮುಗಿಯಿತು, ವಾರಗಟ್ಟಲೆ ಮುಖ ಊದಿಸಿಕೊಂಡಿರುತ್ತಿದ್ದಳು. ಟಿ.ವಿ. ಧಾರಾವಾಹಿಯ ಅತ್ತೆಗೆ ಅಡುಗೆಮನೆಯಿಂದಲೇ "ನಿನ್ನ ಬಾಯಾಗ ಮಣ್ಣ ಬೀಳ್ಲಿ" ಎಂದು ಶಾಪ ಹಾಕುತ್ತಿದ್ದಳು. ಓಣಿಯಲ್ಲಿ ಆಕೆಯ ನಾಲಿಗೆಗೆ ಹೆದರದವರೇ ಇರಲಿಲ್ಲ.

ಇಂಥ ಬಾಯಿ ಒಬ್ಬರ ಎದುರಿಗೆ ಮಾತ್ರ ಮುಚ್ಚಿಕೊಳ್ಳುತ್ತಿತ್ತು. ಅವರು ನನ್ನ ದೊಡ್ಡಪ್ಪ, ಆಕೆಗೆ ಭಾವ. ನಮ್ಮ ಮನೆತನದಲ್ಲಿ ಸೊಸೆಯಾದವಳು ಗಂಡನ ಅಣ್ಣನ ಜೊತೆ ನೇರ ಮಾತಾಡುವಂತಿರಲಿಲ್ಲ. ತಲೆ ಮೇಲೆ ಸೆರಗು, ಬಾಗಿಲ ಮರೆ, ಅವರು ಬಂದರೆ ಎದ್ದು ನಿಲ್ಲಬೇಕು, ಅವರೆದುರು ಕುರ್ಚಿ ಮುಟ್ಟಬಾರದು. ಏನಾದರೂ ಹೇಳುವುದಿದ್ದರೆ ಮೂರನೆಯವರ ಮೂಲಕ ಹೇಳಬೇಕು. ಹುಬ್ಬಳ್ಳಿಯ ಆ ಮನೆಯಲ್ಲಿ ನಾವೆಲ್ಲ ಒಟ್ಟಿಗೆ ಇದ್ದ ಕಾಲದಲ್ಲಿ ಆ ಮೂರನೆಯವಳು ನಾನಾಗಿದ್ದೆ.

"ಅವರಿಗೆ ಹೇಳವಾ, ತಾಟ ಹಾಕೇನಂತ" ಎಂದು ಕಾಕು ಬಾಗಿಲ ಮರೆಯಿಂದ.

"ಆಕಿಗೆ ಹೇಳು, ಪೂಜಾ ಮುಗಿಸಿ ಬಂದೆ ಅಂತ" ಎಂದು ದೊಡ್ಡಪ್ಪ ಅಲ್ಲೇ ಕೈಯಳತೆಯ ದೂರದಿಂದ.

ಇಬ್ಬರ ಕಿವಿಗಳೂ ಚುರುಕಾಗಿದ್ದವು. "ಇಬ್ರಿಗೂ ಕೇಳಸ್ತೈತಿ ಅಲಾ, ಮತ್ತ ನಾ ಯಾಕ ಹೇಳ್ಲಿ?" ಎಂದು ನಾನೊಮ್ಮೆ ಸೆಟೆದುಕೊಂಡಾಗ ಕಾಕು ಸೌಟು ಎತ್ತಿದ್ದಳು. "ಕೇಳಸೂದು ಬ್ಯಾರೆ, ಮಾತಾಡೂದು ಬ್ಯಾರೆ. ಹೇಳಂದದ್ದಷ್ಟ ಹೇಳು."

ದೊಡ್ಡಪ್ಪ ಕೆಟ್ಟವರೆಂದು ತಿಳಿಯಬೇಡಿ. ನಸುಕಿನಲ್ಲಿ ಎದ್ದು ಇಷ್ಟಲಿಂಗ ಪೂಜೆ, ಮಠದ ದಾಸೋಹಕ್ಕೆ ತಪ್ಪದೆ ಜೋಳದ ಚೀಲ, ಯಾರ ಮನೆಯ ಸಾವು-ನೋವಿಗೂ ಮೊದಲು ಹೋಗುವ ಕಾಲು ಅವರದು. ಅಜ್ಜ ಉಣಕಲ್‌ನಲ್ಲಿ ಹತ್ತಿ ಒತ್ತಿ ಮೂಟೆ ಕಟ್ಟುವ ಪ್ರೆಸ್ಸಿನ ಕಂಪನಿ ತೆಗೆದಾಗ ಮುಗದದ ರೈತರು ನಗದಿನ ಬದಲು ಹತ್ತಿ ಹಾಕಿ ಷೇರು ತೆಗೆದುಕೊಂಡಿದ್ದರು. ಅದರಲ್ಲಿ ಕಾಕುವಿನ ಅಪ್ಪನೂ ಒಬ್ಬ. ಮುಂದೆ ಹತ್ತಿಯ ವ್ಯಾಪಾರ ನಿಂತುಹೋಗಿ, ದೊಡ್ಡಪ್ಪನ ಕೈಯಲ್ಲಿ ಕಂಪನಿ ಪಂಪಿನ ವಾಲ್ವು ಎರಕ ಹೊಯ್ಯತೊಡಗಿತು. ಉಣಕಲ್‌ನ ಜಾಗ ಮಾತ್ರ ಹಾಗೇ ಉಳಿಯಿತು. ಬೇವಿನ ಗಿಡ, ತುಕ್ಕು ಹಿಡಿದ ಪ್ರೆಸ್ಸು, ಸುತ್ತ ಮುಳ್ಳಕಂಟಿ. ಧಾರವಾಡದ ರಸ್ತೆ ಅಗಲವಾಗಿ, ಸುತ್ತ ಮನೆಗಳೆದ್ದ ಮೇಲೆ ಕಂಪನಿಯ ನಿಜವಾದ ಆಸ್ತಿ ಅಂದರೆ ಅದೇ ಆಯಿತು. ಮುಗದದವರು ವರ್ಷಕ್ಕೊಮ್ಮೆ ಸರ್ವಸಾಧಾರಣ ಸಭೆಗೆ ಬಂದು, ಕಾಕುವಿನ ಕೈಯ ಹೋಳಿಗೆ ಉಂಡು, "ಉಣಕಲ್ ಜಾಗಾ ಐತಲ್ರಿ, ನಮಗೇನ ಚಿಂತಿ" ಎಂದು ಹೇಳಿ ಹೋಗುತ್ತಿದ್ದರು.

ಕಾಕುವಿನ ಗಂಡ, ನಮ್ಮ ಕಾಕಾ, ಎದೆನೋವಿನಿಂದ ಹಠಾತ್ತನೆ ತೀರಿಕೊಂಡಾಗ ಡೈರೆಕ್ಟರುಗಳ ಮಂಡಳಿಯಲ್ಲಿ ಒಂದು ಜಾಗ ತೆರವಾಯಿತು. "ಮನಿ ಜಾಗಾ ಮನ್ಯಾಗ ಇರ್ಲಿ" ಎಂದು ದೊಡ್ಡಪ್ಪ ಕಾಕುವಿನ ಹೆಸರು ಸೇರಿಸಿದರು. ಈಗ ಮಂಡಳಿ ಅಂದರೆ ಮೂವರು: ಚೇರ್ಮನ್ ದೊಡ್ಡಪ್ಪ, ಸತ್ತೂರಿನಲ್ಲಿ ಮನೆ ಮಾಡಿದ್ದ ಅವರ ಗೆಳೆಯ ಡಾಕ್ಟರು, ಮತ್ತು ಕಾಕು. ಸಭೆ ಮನೆಯ ಪಡಸಾಲೆಯಲ್ಲೇ ನಡೆಯುತ್ತಿತ್ತು. ಡಾಕ್ಟರು ಚಹಾ ಕುಡಿದು ಸಹಿ ಹಾಕುತ್ತಿದ್ದರು. ಆಮೇಲೆ ಗುಮಾಸ್ತ ಕಾಗದ ಹಿಡಿದು ಅಡುಗೆಮನೆಯ ಬಾಗಿಲಿಗೆ ಹೋಗುತ್ತಿದ್ದ. ಕಾಕು ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, ಕೈಯನ್ನು ಸೆರಗಿಗೆ ಒರೆಸಿದಂತೆ ಮಾಡಿ, ಗೀಚಿ, ಮತ್ತೆ ರೊಟ್ಟಿಗೆ ತಿರುಗುತ್ತಿದ್ದಳು. ಕಾಗದದ ಅಂಚಿನಲ್ಲಿ ಹಿಟ್ಟಿನ ಬೆರಳು ಮೂಡಿರುತ್ತಿತ್ತು. ನಮಗೆಲ್ಲ ಅದೊಂದು ತಮಾಷೆಯಾಗಿತ್ತು.

ನಾನು ಕಂಪನಿ ಸೆಕ್ರೆಟರಿ ಓದು ಮುಗಿಸಿ ಬಂದಾಗ ದೊಡ್ಡಪ್ಪ ಬೆನ್ನು ತಟ್ಟಿ ನಮ್ಮ ಕಂಪನಿಗೇ ಸೇರಿಸಿಕೊಂಡರು. ಅಪ್ಪ ಕಂಪನಿಯ ಗೊಡವೆಗೆ ಎಂದೂ ಹೋದವರಲ್ಲ. ಅಷ್ಟರಲ್ಲಿ ಅವರೂ ಅಮ್ಮನೂ ಧಾರವಾಡದಲ್ಲಿ ಮನೆ ಮಾಡಿದ್ದರು. ನಾನು ಅಲ್ಲಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ. ಬಂದ ಹೊಸತರಲ್ಲೇ, ಡೈರೆಕ್ಟರ್ ಆದವರು ಸಭೆಯಲ್ಲಿ ಕೂತಿರಬೇಕು, ಕಾಕುವನ್ನು ಹೊರಗೆ ಕರೆಯಿರಿ ಎಂದೆ. ದೊಡ್ಡಪ್ಪ ಹೊಟ್ಟೆ ಹಿಡಿದು ನಕ್ಕರು. "ಆಕಿ ಹೊರಗ ಬಂದ್ರ ನಾವು ಉಣ್ಣೂದೇನು? ನಿನ್ನ ಕಾಯ್ದೇನ?"

ಒಂದು ಮಧ್ಯಾಹ್ನ ದೊಡ್ಡಪ್ಪನ ಮಗಳು, ನನಗೆ ಅಕ್ಕ, ಪೇಢೆಯ ಡಬ್ಬಿ ಹಿಡಿದು ಸೀದಾ ಅಡುಗೆಮನೆಗೆ ಬಂದಳು. ಪಾಪ, ಅವಳಿಗೆ ಮುಚ್ಚಿಡುವುದು ಏನಿದೆ ಎಂಬುದೇ ಗೊತ್ತಿರಲಿಲ್ಲ. "ಬಾಯಿ ತಗೀ ಕಾಕು, ಸಿಹಿ ತಿನ್ನು. ಉಣಕಲ್ ಜಾಗಾ ನಮ್ಮ ಮನಿಯವರಿಗೆ ಆಕ್ಕೈತಿ. ಅಪ್ಪ ಕಡಿಮ್ಯಾಗ ಕೊಡಸಾಕತ್ತಾನ. ಬ್ಯಾರೆ ಹೆಸರಿನ ಕಂಪನಿ ಮಾಡ್ಯಾರ, ಆದ್ರ ನಮ್ಮದ." ಕಾಕುವಿನ ಬಾಯಲ್ಲಿ ಪೇಢೆ ಹಾಗೇ ನಿಂತಿತು. ನಾನೂ ಅಲ್ಲೇ ಇದ್ದೆ. ಮುಂದಿನ ವಾರದ ಸಭೆಯಲ್ಲಿ ಆ ಜಾಗದ ಮಾರಾಟವೇ ಚರ್ಚೆಯ ವಿಷಯ. ಕೊಳ್ಳುವವರು ದೊಡ್ಡಪ್ಪನ ಅಳಿಯ ಎಂದು ಅವರು ನನಗೆ ಉಸಿರೂ ಬಿಟ್ಟಿರಲಿಲ್ಲ.

ಅಕ್ಕ ಹೋದ ಮೇಲೆ ಕಾಕು ಒಲೆ ಆರಿಸಿದಳು. ಅಡುಗೆಯ ಹೊತ್ತಿನಲ್ಲಿ ಆಕೆ ಒಲೆ ಆರಿಸಿದ್ದನ್ನು ನಾನು ಮೊದಲ ಸಲ ನೋಡಿದೆ.

"ಖರೇ ಹೇಳು. ಡೈರೆಕ್ಟರ್ ಅಂದ್ರ ಏನ?"

ಹೇಳಿದೆ. ಕಂಪನಿ ಅಂದರೆ ದೊಡ್ಡಪ್ಪನ ಮನೆಯಲ್ಲ, ಷೇರು ಹಾಕಿದ ಎಲ್ಲರ ಸೊತ್ತು. ಡೈರೆಕ್ಟರ್ ಆದವರು ಅದನ್ನು ನಂಬಿಕೆಯ ಮೇಲೆ ಕಾಯುವವರು. ಅದರಿಂದ ತಮಗೋ ತಮ್ಮವರಿಗೋ ಲಾಭ ಮಾಡಿಕೊಳ್ಳುವಂತಿಲ್ಲ. ವ್ಯವಹಾರದಲ್ಲಿ ತಮ್ಮ ಸಂಬಂಧವಿದ್ದರೆ ಎಲ್ಲರೆದುರು ಬಾಯಿಬಿಟ್ಟು ಹೇಳಬೇಕು, ಆ ವಿಷಯದಲ್ಲಿ ಮತ ಹಾಕಬಾರದು. ಕಣ್ಣುಮುಚ್ಚಿ ಸಹಿ ಹಾಕುವಂತಿಲ್ಲ. ಗೊತ್ತಿದ್ದೂ ಸುಮ್ಮನಿದ್ದರೆ ಅದೂ ತಪ್ಪೇ.

ಕಾಕು, "ದಾಸೋಹದ ಅಡಿಗಿ ಮಾಡಾಕ ಹೋದಾಕಿ ತುಪ್ಪದ ಗಡಗಿ ಮನಿಗೆ ತರಬಾರದು. ಅಷ್ಟ ಅಲ್ಲೇನು?" ಅಂದಳು.

"ಅಷ್ಟ ಕಾಕು. ತಂದಾಕೀನ್ನ ನೋಡಿ ಸುಮ್ಮನ ಕುಂತಾಕಿನೂ ತಪ್ಪಿತಸ್ಥಳು."

"ಅಯ್ಯ ಶಿವನ!" ಎಂದು ಆಕೆ ಹಿಟ್ಟಿನ ಕೈಯನ್ನೇ ಬಾಯಿಗೆ ಒತ್ತಿಕೊಂಡಳು.

ಸಭೆಯ ದಿನ ಬಂತು. ಡಾಕ್ಟರು ಬಂದರು, ಚಹಾ ಬಂತು. ನಾನು ಮಾರಾಟದ ಠರಾವು, ಅಂದರೆ ಸಭೆಯ ನಿರ್ಣಯ, ಓದತೊಡಗಿದ್ದೆ. ನಮ್ಮಲ್ಲಿ ಅಜ್ಜನ ಕಾಲದಿಂದಲೂ ಠರಾವನ್ನು ಕನ್ನಡದಲ್ಲೇ ಬರೆಯುವುದು. ಓದುತ್ತಿದ್ದಂತೆ ಅಡುಗೆಮನೆಯ ಸಪ್ಪಳ ನಿಂತಿತು. ಕಾಕು ಕೈತೊಳೆದುಕೊಂಡು, ತಲೆ ಮೇಲೆ ಸೆರಗು ಹೊದ್ದು ಹೊರಗೆ ಬಂದಳು. ಬಂದವಳು ದೊಡ್ಡಪ್ಪನ ಎದುರಿನ ಕುರ್ಚಿ ಎಳೆದು ಕೂತಳು.

ದೊಡ್ಡಪ್ಪ ಥಟ್ಟನೆ ಮುಖವನ್ನು ನನ್ನ ಕಡೆ ತಿರುಗಿಸಿ, "ಎದ್ದು ಒಳಗ ಹೋಗಂತ ಹೇಳು ಆಕಿಗೆ" ಅಂದರು.

ನಾನು ಬಾಯಿ ತೆರೆಯುವ ಮೊದಲೇ ಕಾಕು ಅಂದಳು: "ಭಾವನೋರ, ಆಕೀನ್ನ ಕೇಳಬ್ಯಾಡ್ರಿ. ನನ್ನ ಕೇಳ್ರಿ."

ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಆಕೆ ಅವರಿಗೆ ಆಡಿದ ಮೊದಲ ಮಾತು ಅದು. ಡಾಕ್ಟರು ಕಪ್ಪು-ಬಸಿಯ ಚಹಾ ಚೆಲ್ಲಿಕೊಂಡರು.

"ಜಾಗಾ ತಗೊಳ್ಳಾಕತ್ತಾವರು ನಿಮ್ಮ ಅಳಿಯಾರು, ಹೌದಿಲ್ಲರಿ? ಅದನ್ನ ಇಲ್ಲಿ ಹೇಳಬೇಕಿತ್ತಿಲ್ಲರಿ? ಇದಕ್ಕ ನನ್ನ ಒಪ್ಪಿಗಿ ಇಲ್ಲ." ನನ್ನತ್ತ ತಿರುಗಿ, "ಒಪ್ಪಿಗಿ ಇಲ್ಲಂತ ಬರಕೋ" ಅಂದಳು.

ದೊಡ್ಡಪ್ಪನ ಮುಖ ಕೆಂಪೇರಿತು. ಆದರೂ ಆಕೆಯ ಕಡೆ ನೋಡಲಿಲ್ಲ. "ಆಕಿಗೆ ಹೇಳು, ಇದು ನಮ್ಮಪ್ಪ ಕಟ್ಟಿದ್ದು. ನಮ್ಮ ಮನೀದು ನಮ್ಮ ಮಗಳಿಗೆ ಕೊಟ್ರ ಕಳವೇನು? ಮತ್ತ ಇದನ್ನೂ ಹೇಳು. ಜಾಗಾ ಮಾರೂ ಕರಾರಿನ ಠರಾವಿಗೆ ಹೋದ ವರ್ಷನ ಆಕಿ ಸಹಿ ಮಾಡಿ ಕೊಟ್ಟಾಳ. ಇವತ್ತಿಂದು ಬರೇ ಖರೀದಿಪತ್ರದ್ದು. ಆವಾಗ ಎಲ್ಲಿ ಹೋಗಿತ್ತು ಈ ಬಾಯಿ?"

ನಾನು ಸೇರುವ ಮೊದಲಿನ ಮಾತು ಅದು. ಗುಮಾಸ್ತ ಕಡತ ತಂದು ತೋರಿಸಿದ. ಸಹಿ ಕಾಕುವಿನದೇ. ಪಕ್ಕದಲ್ಲಿ ಒಣಗಿದ ಹಿಟ್ಟಿನ ಬೆರಳಿನ ಗುರುತು. ಕಾಕು ಅದನ್ನು ನೋಡಿದಳು, ತನ್ನ ಬೆರಳನ್ನೂ ನೋಡಿಕೊಂಡಳು. ಜೋರು ಬಾಯಿಯ ನಮ್ಮ ಕಾಕು ಸುಣ್ಣದ ಗೋಡೆಯಂತೆ ಬೆಳ್ಳಗಾದದ್ದನ್ನು ನಾನು ಕಣ್ಣಾರೆ ಕಂಡೆ. ಡಾಕ್ಟರು ತಲೆ ತಗ್ಗಿಸಿ ದೊಡ್ಡಪ್ಪನ ಪರವಾಗಿ ಕೈ ಎತ್ತಿದರು. ಎತ್ತಬಾರದೆಂದು ನಾನು ಹೇಳಿದರೂ ದೊಡ್ಡಪ್ಪನೂ ಕೈ ಎತ್ತಿದರು. ಜಾಗ ಹೋಯಿತು.

"ಆಕಿಗೆ ಹೇಳು, ಈ ಮನ್ಯಾಗ ಇರೂದಿದ್ರ ಬಾಯಿ ಮುಚಗೊಂಡು ಇರಬೇಕು" ಎಂದು ದೊಡ್ಡಪ್ಪ ಎದ್ದು ಹೋದರು. ಕಾಕುವಿಗೆ ಮಕ್ಕಳಿರಲಿಲ್ಲ. ಗಂಡನ ಪಾಲೆಂದು ಬೇರೆ ಆದದ್ದೂ ಇಲ್ಲ. ತಲೆ ಮೇಲೆ ಇದ್ದದ್ದು ಆ ಮನೆಯ ಸೂರು ಒಂದೇ.

ಆಕೆ ಬಾಯಿ ಮುಚ್ಚಿಕೊಂಡು ಇರಲಿಲ್ಲ. ಮಾರನೆಯ ಬೆಳಗ್ಗೆ ಗಂಟು ಕಟ್ಟಿ ಧಾರವಾಡಕ್ಕೆ ನಮ್ಮ ಮನೆಗೆ ಬಂದಳು. ಗಂಟು ಇಟ್ಟವಳೇ ನನ್ನನ್ನು ಹೊರಡಿಸಿಕೊಂಡು ಮುಗದದ ಬಸ್ಸು ಹತ್ತಿದಳು. ಅಲ್ಲಿ ಷೇರು ಇದ್ದವರನ್ನೆಲ್ಲ ತನ್ನ ತವರಿನ ಕಟ್ಟೆಗೆ ಕರೆಸಿದಳು. ಹೋಳಿಗೆ ಉಂಡು ಹೋಗುತ್ತಿದ್ದ ಅದೇ ಮಂದಿ. ನಡೆದದ್ದನ್ನು ಏನೂ ಬಿಡದೆ ಹೇಳಿದಳು. ಕೇಳಿದವರಿಗೆ ಸಿಡಿಲು ಬಡಿದಂತಾಯಿತು. ಮುದುಕನೊಬ್ಬ, "ನಿನ್ನ ಮುಖಾ ನೋಡಿ ನಂಬಿದ್ವೆವ್ವಾ" ಎಂದು ಅಳತೊಡಗಿದ. ಕಾಕು ಅಳಲಿಲ್ಲ. "ಕೇಸ್ ಹಾಕ್ರಿ" ಅಂದಳು.

ಮುಗದದವರು ಹಿಡಿದ ವಕೀಲರು ಅರ್ಜಿಯಲ್ಲಿ ದೊಡ್ಡಪ್ಪನ ಹೆಸರು, ಡಾಕ್ಟರ ಹೆಸರು, ಅಳಿಯನ ಕಂಪನಿಯ ಹೆಸರು ಬರೆದು, ಕಾಕುವನ್ನು ಸಾಕ್ಷಿಯಾಗಿ ಇಟ್ಟುಕೊಂಡರು. ಓದಿಸಿ ಕೇಳಿದ ಆಕೆ, "ನನ್ನ ಹೆಸರು ಎಲ್ಲೈತಿ?" ಎಂದು ಕೇಳಿದಳು.

"ನೀವು ಸಾಕ್ಷಿರಿ ಅಮ್ಮಾರ."

"ಸಾಕ್ಷಿ ಹೆಂಗ ಆಕ್ಕೇನಿ? ಸಹಿ ಮಾಡಿದಾಕಿ ನಾನು. ತಪ್ಪು ಮಾಡಿದವರ ಸಾಲಿನ್ಯಾಗ ನನ್ನ ಹೆಸರೂ ಹಾಕ್ರಿ."

ನನಗೆ ರೇಗಿಹೋಯಿತು. ತಲೆ ಕೆಟ್ಟಿದೆಯಾ, ದಂಡ ಬೀಳುತ್ತದೆ, ಹೆಚ್ಚುಕಡಿಮೆಯಾದರೆ ಜೈಲು ಎಂದೂ ಕಾಯ್ದೆಯಲ್ಲಿದೆ ಎಂದು ವಕೀಲರ ಎದುರಿಗೇ ಕೂಗಾಡಿದೆ. ಆಕೆ ಕೇಳಲಿಲ್ಲ. ಕೊತ್ತಂಬರಿ ಗಾಡಿಯನ್ನು ಹಿಡಿದು ನಿಲ್ಲಿಸುತ್ತಿದ್ದ ಹಟವೇ ಅದು. ನಾನು ಆ ವಾರವೇ ಕೆಲಸ ಬಿಟ್ಟೆ.

ವಿಚಾರಣೆಗೆ ಬೆಂಗಳೂರಿನ ಕಂಪನಿ ನ್ಯಾಯಮಂಡಳಿಗೆ ಹೋದೆವು. ವಕೀಲರು ರೈಲಿನಲ್ಲಿ ದಾರಿಯುದ್ದಕ್ಕೂ ಪಾಠ ಹೇಳಿದ್ದರು: "ಏನ ಕೇಳಿದ್ರೂ ನನಗ ಗೊತ್ತಿಲ್ಲ, ನಾ ಮನ್ಯಾಗ ಇರಾಕಿ ಅನ್ರಿ. ಅಷ್ಟಂದ್ರ ಬಿಟ್ಟಬಿಡ್ತಾರ." ಡಾಕ್ಟರು ಮೊದಲು ನಿಂತು, ಚೇರ್ಮನ್ನರನ್ನು ನಂಬಿ ಸಹಿ ಹಾಕಿದೆ, ತನಗೇನೂ ತಿಳಿಯದು ಎಂದರು. ಆಮೇಲೆ ಕಾಕುವಿನ ಸರದಿ.

"ನಿಮಗೆ ಕನ್ನಡ ಓದಲು ಬರುತ್ತದೆಯೇ ಅಮ್ಮ?" ಎಂದು ಪೀಠದಲ್ಲಿದ್ದವರು ಮೃದುವಾಗಿಯೇ ಕೇಳಿದರು. ಬರುವುದಿಲ್ಲ ಎಂದರೆ ಮುಗಿದುಹೋಗುತ್ತಿತ್ತು.

"ಬರತೈತ್ರಿ. ಸಾಲಿ ಕಲ್ತೇನಿ."

"ಮತ್ತೆ ಓದದೆ ಏಕೆ ಸಹಿ ಹಾಕಿದಿರಿ?"

"ಹೆಂಚಿನ ಮ್ಯಾಲೆ ರೊಟ್ಟಿ ಇತ್ರಿ. ಹೊತ್ತೀತು ಅಂತ ಅವಸರ ಮಾಡಿದ್ನಿ."

ಹಿಂದೆ ಕೂತ ಯಾರೋ ಕಿಸಕ್ಕನೆ ನಕ್ಕರು. ಕಾಕು ಅವರ ಕಡೆ ತಿರುಗಿ ನೋಡಿ, ಮತ್ತೆ ಪೀಠಕ್ಕೆ ಮುಖ ಮಾಡಿ ಹೇಳಿದಳು: "ರೊಟ್ಟಿ ಹೊತ್ತಲಿಲ್ಲರಿ. ಮುಗದದ ಮಂದಿ ಜಾಗಾ ಹೋತು. ನಂಬಿ ಬಿಟ್ಟಿದ್ರು ಅವರು. ಗೊತ್ತಿಲ್ಲ ಅಂತ ನಾ ಹೆಂಗ ಅನ್ಲಿ?"

ಆಮೇಲೆ ಯಾರೂ ನಗಲಿಲ್ಲ. ನಮ್ಮ ವಕೀಲರು ಹಣೆ ಹಿಡಿದುಕೊಂಡು ಕೂತರು. ಆಚೆ ಬದಿಯಲ್ಲಿ ದೊಡ್ಡಪ್ಪ, ಜೀವನದಲ್ಲಿ ಮೊದಲ ಸಲ, ಆಕೆಯನ್ನು ನೇರವಾಗಿ ನೋಡುತ್ತಿದ್ದರು.

ತೀರ್ಪು ಬರಲು ಬಹಳ ಕಾಲ ಹಿಡಿಯಿತು, ಆದರೆ ಬಂತು. ಮಾರಾಟ ರದ್ದಾಗಿ ಜಾಗ ಕಂಪನಿಗೆ ಮರಳಿತು. ದೊಡ್ಡಪ್ಪ ಚೇರ್ಮನ್ ಹುದ್ದೆಯಿಂದ ಇಳಿದು ಆದ ನಷ್ಟವನ್ನು ತುಂಬಿಕೊಡಬೇಕಾಯಿತು. ಮೂವರಿಗೂ ದಂಡ, ವರ್ಷಗಳ ಕಾಲ ಯಾವ ಕಂಪನಿಯಲ್ಲೂ ಡೈರೆಕ್ಟರ್ ಆಗುವಂತಿಲ್ಲ ಎಂಬ ನಿಷೇಧ. ತಡವಾಗಿಯಾದರೂ ಬಾಯಿಬಿಟ್ಟದ್ದಕ್ಕೆ ಕಾಕುವಿನ ದಂಡ ಉಳಿದವರಿಗಿಂತ ಕಡಿಮೆ. ಆದರೂ ಅದನ್ನು ಕಟ್ಟಲು ತವರಿನ ಪಾಟ್ಲಿ ಹೋದವು. ಬೋಳು ಕೈ ನೋಡಿ ನಾನು ಅತ್ತಾಗ ಆಕೆ ಬೈದಳು: "ಅಳತೀಯೇನ, ಹುಚ್ಚಿ! ಇನ್ನ ಮ್ಯಾಲೆ ಯಾರೂ ರೊಟ್ಟಿ ಬಡಿಯೂ ಮುಂದ ಸಹಿ ಕೇಳಾಕ ಬರಂಗಿಲ್ಲ. ಅದ ಛಲೋ ಆತು."

ಆಕೆ ನಮ್ಮ ಮನೆಯಲ್ಲೇ ಉಳಿದಳು. ಧಾರವಾಡದ ಕೊತ್ತಂಬರಿಯವರೂ ಬೇಗ ಆಕೆಗೆ ಹೆದರುವುದನ್ನು ಕಲಿತರು. ಹುಬ್ಬಳ್ಳಿಯ ಮನೆಗೆ ಮತ್ತೆ ಕಾಲಿಡಲಿಲ್ಲ, ದೊಡ್ಡಪ್ಪನೂ ಇತ್ತ ಬರಲಿಲ್ಲ. ಆದರೆ ಪ್ರತಿ ನಾಗರ ಪಂಚಮಿಗೆ ಶೇಂಗಾ ಉಂಡಿಯ ಡಬ್ಬಿ ನನ್ನ ಕೈಗೆ ಕೊಡುತ್ತಿದ್ದಳು. "ಅವರಿಗೆ ಕೊಡು. ನಾ ಕೊಟ್ಟೇನಂತ ಹೇಳಬ್ಯಾಡ." ದೊಡ್ಡಪ್ಪ ಒಂದು ಉಂಡಿ ಮುರಿದು ಬಾಯಿಗೆ ಹಾಕಿಕೊಂಡು ಕಿಟಕಿಯ ಕಡೆ ನೋಡುತ್ತಿದ್ದರು. "ಯಾರ ಕೈದು ಅಂತ ಹೇಳೂದ ಬ್ಯಾಡ ಬಿಡು" ಎನ್ನುತ್ತಿದ್ದರು. ಡಬ್ಬಿ ಖಾಲಿಯಾಗಿ ತೊಳೆದು ವಾಪಸು ಬರುತ್ತಿತ್ತು.

ಕಳೆದ ಚಳಿಗಾಲದಲ್ಲಿ ಕಾಕುವಿಗೆ ಜ್ವರ ಬಂದು ಎದೆಗೆ ಇಳಿಯಿತು. ಸತ್ತೂರಿನ ಆಸ್ಪತ್ರೆಯಲ್ಲಿ ಇಟ್ಟೆವು. ಅಲ್ಲಿಯ ಸಪ್ಪೆ ಗಂಜಿಗೆ ನರ್ಸುಗಳನ್ನೆಲ್ಲ ಬೈದಳು. ಬೈಗುಳ ಕೇಳಿ ಇನ್ನು ಭಯವಿಲ್ಲ ಎಂದುಕೊಂಡಿದ್ದೆವು. ಅದೇ ಸಂಜೆ ಹೋಗಿಬಿಟ್ಟಳು. ನನಗೆ ನಂಬಲಾಗಲಿಲ್ಲ. ಈಗಲೂ ಪೂರ್ತಿ ನಂಬಿದ್ದೇನೆ ಎನ್ನಲಾರೆ.

ಮರುದಿನ ನಮ್ಮ ಪದ್ಧತಿಯಂತೆ ಆಕೆಯನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಹೂವು. ಮುಗದದಿಂದ ಟ್ರ್ಯಾಕ್ಟರಿನಲ್ಲಿ ಮಂದಿ ಬಂದಿದ್ದರು. ನಾನು ಆಕೆಯ ಕೈ ಹಿಡಿದು ನೋಡಿದೆ. ಆಸ್ಪತ್ರೆಯ ದಿನಗಳಲ್ಲಿ ಉಗುರಿನ ಆ ಬಿಳಿ ಗೆರೆ ಹೋಗಿತ್ತು.

ಬಾಗಿಲಲ್ಲಿ ಗುಂಪು ಸರಿದು ದಾರಿ ಬಿಟ್ಟಿತು. ದೊಡ್ಡಪ್ಪ. ಕೋಲು ಹಿಡಿದು, ಬಹಳ ಸೊರಗಿದ್ದರು. ಹೊಸ್ತಿಲಾಚೆ ನಿಂತು ಆಕೆಯ ಕಡೆ ನೋಡಲಾರದೆ ನನ್ನನ್ನು ಹುಡುಕಿದರು.

"ಆಕಿಗೆ ಹೇಳವಾ" ಎಂದರು. "ನಾ ಬಂದೇನಂತ ಹೇಳು."

ಹುಟ್ಟಿದಾಗಿನಿಂದ ಮಾಡಿದ ಕೆಲಸ ಅದು. ಬಾಯಿ ತಾನಾಗಿ ತೆರೆಯಿತು. ಆದರೆ ನಾನು ಆಕೆಯ ಕಡೆ ತಿರುಗಲಿಲ್ಲ.

"ನೀವ ಹೇಳ್ರಿ ದೊಡ್ಡಪ್ಪ" ಅಂದೆ.

ಅವರು ಕೋಲನ್ನು ಗೋಡೆಗೆ ಇಟ್ಟು ಒಳಗೆ ಬಂದರು. ಭಾವನಾದವರು ತಮ್ಮನ ಹೆಂಡತಿಯ ಎದುರು, ಅಷ್ಟು ಮಂದಿಯ ನಡುವೆ, ಬರಿನೆಲದ ಮೇಲೆ ಕೂತರು. ಯಾರೋ ಚಾಪೆ ತಂದರೆ ಬೇಡವೆಂದು ಕೈಯಾಡಿಸಿದರು. ಆಮೇಲೆ ತಲೆ ಎತ್ತಿ ಆಕೆಯ ಮುಖವನ್ನು ನೋಡಿದರು.

"ಯವ್ವಾ, ನಾ ಬಂದೇನಿ" ಅಂದರು. "ಅವತ್ತ ನಾ ನಿನಗ ಎದ್ದು ಒಳಗ ಹೋಗು ಅಂದಿದ್ದೆ. ನೀ ಏಳಲಿಲ್ಲಲಾ. ಅದ ಖರೇ ಇತ್ತವಾ."